ಪೋಲಿಷ್ ಛತ್ರದ ವಿರ್ಟಿನ್

ಆಕೆ ತೀರಿಕೊಂಡ ಸುದ್ದಿಯನ್ನು ಜರ್ಮನಿಯ ಆ ಊರಿನ ವಾರಪತ್ರಿಕೆ ಮೂರು ಸಾಲಿನಲ್ಲಿ ಮುಗಿಸಿತ್ತು. ನನ್ನ ಹೆಂಡತಿ ಸುಮಾ ಅದನ್ನು ಕತ್ತರಿಸಿ ತಿಂಡಿ ತಟ್ಟೆಯ ಪಕ್ಕ ಇಟ್ಟು ಆಫೀಸಿಗೆ ಹೋಗಿದ್ದಳು. ಮೂರು ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ಆಕೆ ಛತ್ರವನ್ನು 'ಸ್ವಇಚ್ಛೆಯಿಂದ ಬಿಟ್ಟುಕೊಟ್ಟರು' ಎಂಬುದು ಒಂದು. 'ಊರಿನ ಎಲ್ಲರ ಪ್ರೀತಿಗೆ ಪಾತ್ರರಾಗಿದ್ದರು' ಎಂಬುದು ಇನ್ನೊಂದು. ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹನ್ನೆರಡು ವರ್ಷ ಬೇರೆಯವರ ತಪ್ಪು ತಿದ್ದಿದವನು ನಾನು. ತಿದ್ದುಪಡಿ ಬರೆದು ಆ ವಾರಪತ್ರಿಕೆಗೆ ಕಳಿಸಿದೆ. ಅವರು ಹಾಕಲಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜರ್ಮನಿ ನಮ್ಮ ಸಾಫ್ಟ್‌ವೇರ್ ಜನರಿಗೆ ಗ್ರೀನ್ ಕಾರ್ಡ್ ಕೊಡಲು ಶುರುಮಾಡಿದ ಕಾಲ ಅದು. ಕಾರ್ಡು ಬಂದದ್ದು ಸುಮಾಳಿಗೆ. ನಾನು ಆಕೆಯ ಗಂಡನಾಗಿ ಎರ್ಲಾಂಗೆನ್‌ಗೆ ಬಂದೆ. ನನ್ನ ಪಾಸ್‌ಪೋರ್ಟಿನಲ್ಲಿ 'ಕೆಲಸ ಮಾಡಲು ಅನುಮತಿ ಇಲ್ಲ' ಎಂದು ಮುದ್ರೆ ಒತ್ತಿದ್ದರು. ಬೆಳಿಗ್ಗೆ ಭಾಷೆಯ ಕ್ಲಾಸು, ಮಧ್ಯಾಹ್ನ ಸೈಕಲ್ಲು. ಹೀಗೆ ಸೈಕಲ್ ತುಳಿಯುತ್ತಾ ಒಂದು ದಿನ, ಊರಿನಿಂದ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ, ಆ ಛತ್ರದ ಮುಂದೆ ಇಳಿದೆ.

ಛತ್ರ ಎನ್ನುವುದು ನನ್ನ ಅನುಕೂಲದ ಪದ. ಕೆಳಗೆ ಊಟ ಮತ್ತು ಬಿಯರ್, ಮೇಲೆ ದಾರಿಹೋಕರಿಗೆ ನಾಲ್ಕು ಕೋಣೆ. ಬೋರ್ಡಿನ ಮೇಲೆ 'ಟ್ಸುಮ್ ಪೋಲೆನ್' ಎಂದಿತ್ತು. ಪೋಲಿಷ್ ಮನುಷ್ಯನ ಮನೆ ಎಂದಿಟ್ಟುಕೊಳ್ಳಿ. ಕಟ್ಟಡ ಒಂದು ಬಿಯರ್ ಕಂಪನಿಯದು. ಈಕೆ ಗುತ್ತಿಗೆ ಹಿಡಿದು ನಡೆಸುತ್ತಿದ್ದಳು. ಛತ್ರ ನಡೆಸುವ ಹೆಂಗಸಿಗೆ ಅಲ್ಲಿ ವಿರ್ಟಿನ್ ಎನ್ನುತ್ತಾರೆ. ಊರಿಗೆಲ್ಲ ಆಕೆ ವಿರ್ಟಿನ್. ನನಗೂ ಅಷ್ಟೇ.

ಪೋಲೆಂಡಿನವಳು. ಎಂಬತ್ತರ ದಶಕದಲ್ಲಿ ಗಂಡನ ಜೊತೆ ಬಂದವಳು. ಗಂಡ ಎರಡನೇ ಚಳಿಗಾಲಕ್ಕೆ ತೀರಿಹೋದ. "ಈ ಛತ್ರವನ್ನೇ ಯಾಕೆ ಹಿಡಿದಿರಿ?" ಎಂದು ಕೇಳಿದ್ದೆ. "ಬೋರ್ಡು ನೋಡಿ. ಬಾಗಿಲಿಗೆ ನನ್ನ ಹೆಸರು ಮೊದಲೇ ಬರೆದು ಇಟ್ಟಿದ್ದಾರಲ್ಲ ಅನ್ನಿಸ್ತು" ಎಂದಳು. ನಾವಿಬ್ಬರೂ ಆಡುತ್ತಿದ್ದದ್ದು ಮುರುಕು ಜರ್ಮನ್. ಆಕೆಯದು ಹದಿನೇಳು ವರ್ಷದ ಮುರುಕು, ನನ್ನದು ಹೊಸದು. ಅದರಿಂದಲೇ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಿದ್ದೆವು.

ನಾನು ಪತ್ರಿಕೆಯವನು ಎಂದು ತಿಳಿದ ದಿನದಿಂದ ಆಕೆ ನನ್ನನ್ನು ಕರೆದದ್ದು "ಪಾನ್ಯೆ ರೆದಕ್ತೋಜೆ" ಎಂದೇ. ಪೋಲಿಷ್ ಭಾಷೆಯಲ್ಲಿ 'ಸಂಪಾದಕ ಮಹಾಶಯರೇ' ಎಂದರ್ಥ. ಕೆಲಸವಿಲ್ಲದೆ ಸೈಕಲ್ ತುಳಿಯುವವನಿಗೆ ಆ ಬಿರುದು ಚುಚ್ಚುತ್ತಿತ್ತು. ಆಕೆಗೆ ಅದು ಗೊತ್ತಿತ್ತು.

ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಆಕೆ ವಾದ ಮಾಡಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. "ಹಂದಿ ಕೊಬ್ಬು?" ಎಂದು ಒಂದೇ ಪ್ರಶ್ನೆ. ಬೇಡ ಎಂದೆ. ಮುಂದಿನ ವಾರ ಅಡುಗೆಮನೆಯ ಗೋಡೆಯ ಮೊಳೆಗೆ ಹೊಸ ಬಾಣಲೆ ತೂಗುತ್ತಿತ್ತು. ಹಿಡಿಗೆ ಕೆಂಪು ದಾರ ಸುತ್ತಿದ್ದಳು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಆಲೂಗೆಡ್ಡೆ, ಚೀಸು ತುಂಬಿ ಮಡಿಸಿ ಬೇಯಿಸಿದ ಪಿರೋಗಿಯನ್ನು ಬೆಣ್ಣೆಯಲ್ಲಿ ಹುರಿದು ಕೊಡುತ್ತಿದ್ದಳು. ಸುಮಾಳ ಆಫೀಸಿನ ಹುಡುಗರನ್ನು ಒಮ್ಮೆ ಕರೆದುಕೊಂಡು ಹೋದಾಗ ಪ್ರಸನ್ನ ಎಂಬುವನು ಮೊದಲ ತುತ್ತಿಗೇ ಕೂಗಿದ: "ಮಗಾ, ಇದು ಕಡುಬು ಕಣೋ! ನಮ್ಮಜ್ಜಿ ವೀಸಾ ಇಲ್ದೇ ಇಲ್ಲಿಗೆ ಬಂದ್ಬಿಟ್ಟವ್ರೆ!"

"ಏನಂತೆ?" ವಿರ್ಟಿನ್ ಕೇಳಿದಳು.

"ನೀವು ಅವನ ಅಜ್ಜಿಯಂತೆ."

"ಹಾಗಾದ್ರೆ ಅಜ್ಜಿ ಹೇಳ್ತಾಳೆ, ಮೊಣಕೈ ಟೇಬಲ್ ಮೇಲಿಂದ ತೆಗಿ."

ಆ ಟೇಬಲ್ಲಿಗೂ ಒಂದು ಕತೆಯಿತ್ತು, ಅದರ ಮೇಲಿನ ಆಳದ ಗುರುತು ಹಳೆಯ ಕತ್ತಿಯ ಏಟಂತೆ. ಅಲ್ಲಿ ಎಲ್ಲಕ್ಕೂ ಕತೆಯಿತ್ತು.

ಮುಖ್ಯವಾದದ್ದು ಪೋಲಿಷ್ ಅಧಿಕಾರಿಯ ಕತೆ. ರಷ್ಯದ ದೊರೆಯ ವಿರುದ್ಧ ದಂಗೆಯೆದ್ದು ಸೋತ ಪೋಲಿಷ್ ಅಧಿಕಾರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಈ ದಾರಿಯಲ್ಲಿ ಫ್ರಾನ್ಸಿಗೆ ನಡೆದುಹೋದರು. ಆಗ ಜರ್ಮನ್ ಊರುಗಳು ಅವರಿಗೆ ಬ್ಯಾಂಡು ಬಾರಿಸಿ, ಹಾರ ಹಾಕಿ, ಊಟ ಬಡಿಸಿದವು. ಇಷ್ಟು ಇತಿಹಾಸ. ಅವರಲ್ಲೊಬ್ಬ ಜ್ವರದಿಂದ ಈ ಛತ್ರದ ಮೇಲಿನ ಕೋಣೆಯಲ್ಲಿ ಹನ್ನೊಂದು ದಿನ ಮಲಗಿದ್ದ. ಇಲ್ಲಿಂದ ಮುಂದೆ ವಿರ್ಟಿನ್‌ಳ ರಾಜ್ಯ.

ಜರ್ಮನ್ ಗಿರಾಕಿಗಳಿಗೆ ಆಕೆ ಹೇಳುತ್ತಿದ್ದ ಪ್ರಕಾರ, ಅವನು ಛತ್ರದವನ ಮಗಳನ್ನು ಪ್ರೀತಿಸಿ ಅವಳ ತೊಡೆಯ ಮೇಲೆ ಪ್ರಾಣಬಿಟ್ಟ. ಇಂದಿಗೂ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳುತ್ತದೆ. ವಸಂತದಲ್ಲಿ ಶ್ಪಾರ್ಗೆಲ್ ಎಂಬ ಬಿಳಿ ದಂಟು ಕೀಳಲು ಪೋಲೆಂಡಿನಿಂದ ಕೂಲಿಯವರು ಬರುತ್ತಿದ್ದರು. ಅವರಿಗೆ ಹೇಳುವಾಗ ಅಧಿಕಾರಿ ಸಾಯುತ್ತಿರಲಿಲ್ಲ. ಒಂದು ಪೀಪಾಯಿ ಬಿಯರ್ ಕುಡಿದು, ಛತ್ರದವನ ಕುದುರೆಯನ್ನೂ ಮಗಳನ್ನೂ ಒಟ್ಟಿಗೆ ಹಾರಿಸಿಕೊಂಡು ಹೋಗುತ್ತಿದ್ದ. ಕತೆ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಟೇಬಲ್ಲನ್ನು ಫಟ್ಟೆಂದು ಹೊಡೆಯುತ್ತಿದ್ದಳು. ಅದು ಪೂರ್ಣವಿರಾಮ.

ನನಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. "ಫ್ರಾವ್ ವಿರ್ಟಿನ್, ಎರಡರಲ್ಲಿ ಯಾವುದು ನಿಜ?"

"ನಿಜ ಬೇಕಾದವರ ಸೂಪು ಆರಿಹೋಗುತ್ತೆ."

"ಆರಲಿ."

ಆಕೆ ಕೈ ಒರೆಸಿಕೊಂಡು ನನ್ನ ಎದುರು ಕೂತಳು. ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಭೇದಿ ಹತ್ತಿತ್ತು. ಮೈತುಂಬ ಹೇನು. ಹೆಂಗಸರು ತೊಳೆದರು. ಸತ್ತ. ಆಮೇಲೆ ಛತ್ರದವನು ಆ ಮಂಚ ತೋರಿಸಿ ತೋರಿಸಿ ಗಿರಾಕಿ ಹಿಡಿದ. ಮೆಟ್ಟಿಲು ಮರದ್ದು. ಮರ ಹಳೆಯದಾದ್ರೆ ಸದ್ದು ಮಾಡುತ್ತೆ."

"ಮತ್ತೆ ಟೇಬಲ್ಲಿನ ಮೇಲಿನ ಕತ್ತಿಯ ಏಟು?"

"ಅದು ನಾನು. ಹಂದಿ ಕಾಲು ಕಡಿಯುವಾಗ."

ನಿಂತು ಹೇಳಿದರೆ ಕತೆ, ಕೂತು ಹೇಳಿದರೆ ನಿಜ. ಈ ಲೆಕ್ಕ ಸಿಕ್ಕ ಮೇಲೆ ನನಗೂ ಸಮಾಧಾನವಾಯಿತು. ಮುಂದಿನ ಒಂದು ವರ್ಷದಲ್ಲಿ ಆಕೆ ನನ್ನೆದುರು ಕೂತದ್ದು ನಾಲ್ಕೋ ಐದೋ ಸಲ.

ಒಂದು ಸಲ ಕೂತು ಹೇಳಿದ್ದು ಹಿಂಬದಿಯ ಕಿಟಕಿಯ ವಿಷಯ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನಿಂದ ಜನರನ್ನು ಎಳೆದುತಂದು ಇಲ್ಲಿನ ಹೊಲಗಳಲ್ಲಿ ದುಡಿಸಿದರು. ಅವರ ಕೋಟಿನ ಮೇಲೆ 'ಪಿ' ಅಕ್ಷರದ ತುಂಡುಬಟ್ಟೆ ಹೊಲಿದಿರಬೇಕಿತ್ತು. ಅವರು ಛತ್ರಗಳಿಗೆ ಕಾಲಿಡುವಂತಿರಲಿಲ್ಲ. ಪೋಲಿಷ್ ಮನುಷ್ಯನ ಹೆಸರು ಹೊತ್ತ ಛತ್ರಕ್ಕೂ ಇಡುವಂತಿರಲಿಲ್ಲ. ಹೆಸರಿನ ಮೇಲೆ ಆಗ ಬಣ್ಣ ಬಳಿದಿದ್ದರು. ಆ ಕಾಲದ ವಿರ್ಟಿನ್ ಅಡುಗೆಮನೆಯ ಹಿಂಬದಿ ಕಿಟಕಿಯಿಂದ ಅವರಿಗೆ ಸೂಪು ಕೊಡುತ್ತಿದ್ದಳು. ಊರಿನವರು ಯಾರೋ ಪೊಲೀಸರಿಗೆ ಹೇಳಿಕೊಟ್ಟರು. ಕಿಟಕಿಯ ಬಳಿ ಸಿಕ್ಕಿಬಿದ್ದ ಕೂಲಿಯಾಳನ್ನು ಕರೆದೊಯ್ದರು. ಅವನು ವಾಪಸು ಬರಲಿಲ್ಲ.

"ಇದು ನಿಮಗೆ ಹೇಗೆ ಗೊತ್ತು?" ಡೆಸ್ಕಿನ ಅಭ್ಯಾಸ, ಮೂಲ ಕೇಳಿದೆ.

"ಅವನ ಜೊತೆ ಕೆಲಸ ಮಾಡಿದವನೊಬ್ಬ ಮುದುಕನಾಗಿ ಇಲ್ಲಿಗೆ ಬಂದಿದ್ದ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಕಿಟಕಿ ಹತ್ರಾನೇ ನಿಂತುಕೊಂಡು ತಿಂದ."

ಆ ದಿನ ಟೇಬಲ್ಲಿಗೆ ಬಟ್ಟೆಯ ಏಟು ಬೀಳಲಿಲ್ಲ.

ಆ ವರ್ಷದ ಕೊನೆಗೆ ಆಕೆಯ ಗುತ್ತಿಗೆ ಮುಗಿಯುತ್ತಿತ್ತು. ಬಿಯರ್ ಕಂಪನಿ 'ಹೊಸ ಕಾನ್ಸೆಪ್ಟ್' ಯೋಚಿಸುತ್ತಿದೆ ಎಂಬ ಮಾತು ಹಬ್ಬಿತ್ತು. ಮನೆಯೂ ಅದೇ, ಕೆಲಸವೂ ಅದೇ, ಗಂಡನ ಸಮಾಧಿಯೂ ಅದೇ ಹಳ್ಳಿಯಲ್ಲಿ. ಬಿಡಿಸಿದರೆ ಹೋಗಲು ಆಕೆಗಿದ್ದದ್ದು ಪೋಲೆಂಡಿನಲ್ಲಿದ್ದ ತಂಗಿಯ ಮಗಳ ಮನೆಯ ಒಂದು ಕೋಣೆ. ನನಗೆ ತೋಚಿದ ಸಹಾಯ ನನಗೆ ಬರುವ ಒಂದೇ ಕೆಲಸ. ಛತ್ರದ ಬಗ್ಗೆ ಜರ್ಮನ್‌ನಲ್ಲಿ ಲೇಖನ ಬರೆದೆ. ಅಧಿಕಾರಿ, ಮೆಟ್ಟಿಲು, ಟೇಬಲ್ಲು, ಕೆಂಪು ದಾರದ ಬಾಣಲೆ. ಕೊನೆಯ ಪ್ಯಾರಾದಲ್ಲಿ ಕಿಟಕಿ.

ತಲೆಬರಹಕ್ಕೆ ಒಂದು ದಿನ ಕೂತೆ. ಅಲ್ಲಿನವರು ಆಡುಮಾತಿನಲ್ಲಿ ಛತ್ರಕ್ಕೆ ವಿರ್ಟ್‌ಶಾಫ್ಟ್ ಎನ್ನುತ್ತಾರೆ. ಭಾನುವಾರ 'ವಿರ್ಟ್‌ಶಾಫ್ಟ್‌ಗೆ ಹೋಗೋಣ' ಎಂದು ಕ್ಲಾಸಿನ ಮೇಡಮ್ಮೇ ಹೇಳಿಕೊಟ್ಟಿದ್ದರು. ಶಬ್ದಕೋಶವೂ ಒಪ್ಪಿತು. ಪೋಲಿಷ್ ಛತ್ರ ಎಂದರೆ 'ಪೋಲ್ನಿಶೆ ವಿರ್ಟ್‌ಶಾಫ್ಟ್'. ಎರಡು ಪದ, ವ್ಯಾಕರಣ ಸರಿ, ಒಂದೇ ಕಾಲಮ್ಮಿನಲ್ಲಿ ಕೂರುತ್ತದೆ. ಪರಭಾಷೆಯಲ್ಲಿ ನಾನು ಕೊಟ್ಟ ಮೊದಲ ತಲೆಬರಹ. ಸುಮಾ ನೋಡಿ, "ರೀ, ಯಾರಾದ್ರೂ ಜರ್ಮನ್ಸ್‌ಗೆ ಒಂದ್ಸಲ ತೋರ್ಸಿ" ಎಂದಳು. ತೋರಿಸುತ್ತೇನಲ್ಲ, ಸಂಪಾದಕನಿಗೆ ಎಂದೆ.

ವಾರಪತ್ರಿಕೆಯ ಸಂಪಾದಕ ನರೆತ ಗಡ್ಡದ, ಮೆಲುಮಾತಿನ ಮನುಷ್ಯ. ನನ್ನ ಎದುರೇ ಕೆಂಪು ಪೆನ್ನು ಹಿಡಿದು ಕೂತ. ಪದದ ಲಿಂಗ ಹೇಳುವ 'ಡೆರ್' ಇದ್ದಲ್ಲಿ 'ದಿ', 'ದಿ' ಇದ್ದಲ್ಲಿ 'ದಸ್'. ನಾನು ಎಣಿಸಿದೆ, ನಲವತ್ತೊಂದು ತಿದ್ದುಪಡಿ. ನಂತರ ಕೊನೆಯ ಪ್ಯಾರಾಕ್ಕೆ ಅಡ್ಡಗೆರೆ ಎಳೆದು "ಜಾಗ ಇಲ್ಲ" ಎಂದ. ಜಾಗವಿಲ್ಲದಾಗ ಕೊನೆಯಿಂದ ಕತ್ತರಿಸುವುದು ನಾನೂ ಮಾಡಿದ ಕೆಲಸ. ಒಪ್ಪಿದೆ. ಕಡೆಗೆ ತಲೆಬರಹಕ್ಕೆ ಬಂದ. ಓದಿದ. ಪೆನ್ನಿನ ಮುಚ್ಚಳ ಹಾಕಿದ. ಸಣ್ಣಗೆ ನಕ್ಕ. ಆ ನಗುವನ್ನು ನಾನು ಮೆಚ್ಚುಗೆ ಎಂದುಕೊಂಡೆ.

ವಿರ್ಟಿನ್ ಲೇಖನವನ್ನು ಓದಿ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಐದು ವಾರ ಅದು ಅಲ್ಲಿತ್ತು. ಗಿರಾಕಿಗಳು ಬಿಯರ್ ಹಿಡಿದು ಅದರ ಮುಂದೆ ನಿಂತು ನಗುತ್ತಿದ್ದರು. ನನ್ನ ಬೆನ್ನು ತಟ್ಟಿ "ಬಹಳ ಚೆನ್ನಾಗಿದೆ, ಕಂಪ್ಯೂಟರ್ ಇಂಡರ್" ಎನ್ನುತ್ತಿದ್ದರು, ಇಂಡರ್ ಎಂದರೆ ಭಾರತದವನು. ನಾನು ಕಂಪ್ಯೂಟರಿನವನಲ್ಲ ಎಂದು ಅವರಿಗೆ ಅನೇಕ ಸಲ ಹೇಳಿಯಾಗಿತ್ತು.

ಗುತ್ತಿಗೆಯ ಮಾತುಕತೆಗೆ ಕಂಪನಿ ಆಕೆಯನ್ನು ಕರೆಯಿತು. ಒಬ್ಬರನ್ನು ಜೊತೆಗೆ ತರಬಹುದು ಎಂದಿದ್ದರು. ಆಕೆ ನನ್ನನ್ನು ಕರೆದಳು. ನಾನು ಪತ್ರಿಕೆಯ ಪ್ರತಿಯನ್ನು ಫೈಲಿನಲ್ಲಿಟ್ಟುಕೊಂಡು ಹೋದೆ. ಮ್ಯಾನೇಜರು ಸಭ್ಯ. ಕಾಫಿ ತರಿಸಿದ. ಹಳೆಯ ಪರಂಪರೆ, ಹೊಸ ರೂಪ ಎಂದೆಲ್ಲ ಹೇಳಿದ. ಅವನು ಉಸಿರೆಳೆದುಕೊಂಡಾಗ ನಾನು ಲೇಖನವನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಈ ಛತ್ರಕ್ಕೆ ಇರುವ ಹೆಸರು ನೋಡಿ ಎಂದೆ.

"ಇದನ್ನು ಬರೆದವರು ನೀವೇ?"

"ಹೌದು."

"ತಲೆಬರಹವೂ?"

"ಅದೂ ನನ್ನದೇ" ಎಂದೆ. ಹೆಮ್ಮೆಯಿಂದಲೇ ಎಂದೆ.

ಅವನು ಆ ಎರಡು ಪದಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದಿದ. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಭುಜ ಕುಲುಕುತ್ತಿದ್ದವು. ಮ್ಯಾನೇಜರು ಹಾಳೆಯನ್ನು ಮಡಿಸಿ ನನ್ನ ಕಡೆ ತಳ್ಳಿದ. "ಪತ್ರಿಕೆಯೇ ಹೀಗೆ ಹೇಳಿದ ಮೇಲೆ ನಾನೇನು ಸೇರಿಸಲಿ?"

ಗುತ್ತಿಗೆ ಮುಂದುವರಿಯಲಿಲ್ಲ. ಅವರು ಮೊದಲೇ ತೀರ್ಮಾನ ಮಾಡಿದ್ದರು ಎಂದು ಸುಮಾ ಇಂದಿಗೂ ಹೇಳುತ್ತಾಳೆ. ಇರಬಹುದು. ನನ್ನ ಬಳಿ ಪುರಾವೆಯಿಲ್ಲ. ನನ್ನ ಬಳಿಯಿರುವ ಪುರಾವೆ ಮೇಜಿನ ಮೇಲೆ ನಾನೇ ಇಟ್ಟ ಹಾಳೆಯೊಂದೇ.

ಬಸ್‌ಸ್ಟಾಪಿನ ಬೆಂಚಿನ ಮೇಲೆ ವಿರ್ಟಿನ್ ಕೂತಳು. ಕೂತಳು ಎಂದಾಗಲೇ ನನಗೆ ಹೆದರಿಕೆಯಾಯಿತು.

"ಪಾನ್ಯೆ ರೆದಕ್ತೋಜೆ, ನಿಮ್ಮ ಶಬ್ದಕೋಶ ಎಷ್ಟು ದಪ್ಪ?"

ಬೆರಳಿನಲ್ಲಿ ತೋರಿಸಿದೆ.

"ಸಾಲದು" ಎಂದಳು.

ಆಮೇಲೆ ಹೇಳಿದಳು. ವಿರ್ಟ್‌ಶಾಫ್ಟ್ ಎಂದರೆ ಛತ್ರ ಮಾತ್ರವಲ್ಲ, ಸಂಸಾರ ನಡೆಸುವ ರೀತಿಯೂ ಹೌದು. ಎರಡೂ ಪದ ಸೇರಿದರೆ ಜರ್ಮನ್ ಭಾಷೆಯಲ್ಲಿ ತಲೆತಲಾಂತರದ ಒಂದು ಬೈಗುಳ. ಕೊಳಕು, ಗೊಂದಲ, ಸೋಮಾರಿತನ, ಹೇಳುವವರು ಕೇಳುವವರು ಇಲ್ಲದ ಮನೆ, ಇದೆಲ್ಲಕ್ಕೂ ಅವರು ಹೇಳುವುದು ಪೋಲಿಷ್ ಸಂಸಾರ ಎಂದು. ನಮ್ಮಲ್ಲೂ ಜಾತಿಯ ಹೆಸರಿಗೆ ಒಂದು ಪದ ಅಂಟಿಸಿ ಮಾಡಿದ ಇಂಥ ನುಡಿಗಟ್ಟುಗಳಿವೆ. ಡೆಸ್ಕಿನಲ್ಲಿ ಅಂಥವನ್ನು ನಾನೇ ಹೊಡೆದುಹಾಕಿದ್ದೇನೆ, ಬರೆದ ವರದಿಗಾರರನ್ನು ಬೈದಿದ್ದೇನೆ. ಈಗ ಅಂಥದೊಂದನ್ನು ಆಕೆಯ ಹೆಸರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವನು ನಾನು.

"ಮೊದಲ ದಿನವೇ ಯಾಕೆ ಹೇಳಲಿಲ್ಲ? ಗೋಡೆಗೆ ಯಾಕೆ ಹಾಕಿದಿರಿ?"

"ಬೇರೆ ಯಾರಾದ್ರೂ ಹೇಳ್ತಾರಾ ನೋಡೋಣ ಅಂತ. ಪೋಸ್ಟಿನವನು ಓದಿದ. ಪಾದ್ರಿ ಓದಿದರು, ಕನ್ನಡಕ ಹಾಕ್ಕೊಂಡು ಓದಿದರು. ಹದಿನೇಳು ವರ್ಷ ಇವರಿಗೆ ಸೂಪು ಬಡಿಸಿದ್ದೀನಿ. ಒಬ್ಬ, ಒಬ್ಬನೇ ಒಬ್ಬ, ನಿಮ್ಮನ್ನ ಪಕ್ಕಕ್ಕೆ ಕರೆದು 'ಇದು ಬೈಗುಳ ಕಣಯ್ಯ, ಇಳಿಸು' ಅಂತಾನಾ ಅಂತ ಕಾದೆ."

"ಅಂದಿದ್ದರೆ?"

"ಅಂದಿದ್ದರೆ ಈವತ್ತು ಜಗಳ ಮಾಡ್ತಿದ್ದೆ. ಆ ಒಬ್ಬನ್ನ ಕರಕೊಂಡು ಬರ್ತಿದ್ದೆ, ನಿಮ್ಮನ್ನಲ್ಲ."

ಈ ಮಾತಿಗೆ ನನಗೆ ಆಕೆಯ ಮೇಲೂ ಕೋಪ ಬಂತು. ಊರನ್ನು ಅಳೆಯಲು ನನ್ನನ್ನು ಕೋಲು ಮಾಡಿಕೊಂಡಿದ್ದಳು. ಆ ಕೋಪ ಪೂರ್ತಿ ಹೋಗಿಲ್ಲ. ದಾಖಲಾಗಲಿ ಎಂದು ಬರೆಯುತ್ತಿದ್ದೇನೆ. ಆದರೆ ಐದು ವಾರ ನನ್ನ ಬೆನ್ನು ತಟ್ಟಿದ ಕೈಗಳ ಮೇಲಿನ ಕೋಪ ಬೇರೆ ತೂಕದ್ದು. ಅವರಾರೂ ಕೆಟ್ಟವರಲ್ಲ. ನನ್ನ ಸೈಕಲ್ಲಿನ ಚಕ್ರ ಪಂಕ್ಚರ್ ಆದಾಗ ಹಾಕಿಕೊಟ್ಟವರು. ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಅದಕ್ಕಿಂತ ನಗುವುದು ಹಿತವಾಗಿತ್ತು, ನಕ್ಕರು.

ಸಂಪಾದಕನ ಬಳಿ ಹೋದೆ. ಅವನು ಎದ್ದು ಕೈಕುಲುಕಿದ.

"ನಲವತ್ತೊಂದು ತಪ್ಪು ತಿದ್ದಿದಿರಿ. ಅದನ್ನು ಯಾಕೆ ಬಿಟ್ಟಿರಿ?"

"ಅದು ಛತ್ರ ತಾನೇ? ಪೋಲಿಷ್ ತಾನೇ? ತಪ್ಪೆಲ್ಲಿದೆ?" ನಾನು ಕದಲದೆ ನಿಂತದ್ದನ್ನು ಕಂಡು ದನಿ ಬದಲಿಸಿದ. "ನೀವು ಬೇಕೆಂದೇ ಬರೆದಿದ್ದೀರಿ ಅಂದುಕೊಂಡೆ. ವ್ಯಂಗ್ಯ ಅಂತ."

'ದಿ' ಯಾವುದು 'ದಸ್' ಯಾವುದು ತಿಳಿಯದವನಿಗೆ ಜರ್ಮನ್‌ನಲ್ಲಿ ವ್ಯಂಗ್ಯ ಬರುತ್ತದೆ ಎಂದು ಅವನು ನಂಬಿದ್ದನಂತೆ. ಕಿಟಕಿಯ ಪ್ಯಾರಾ ಮುಂದಿನ ವಾರ ಹಾಕಿ ಎಂದೆ. ಅದಕ್ಕೆ ದಾಖಲೆ ಬೇಕಾಗುತ್ತದೆ ಎಂದ. ದೆವ್ವದ ಬೂಟಿನ ಸದ್ದಿಗೆ ಅವನು ದಾಖಲೆ ಕೇಳಿರಲಿಲ್ಲ.

ಕೊನೆಯ ವಾರ ಕಂಪನಿಯ ಜಾಹೀರಾತಿನವನೊಬ್ಬ ಟೇಪ್ ರೆಕಾರ್ಡರ್ ಹಿಡಿದು ಬಂದ. ಹೊಸ ಛತ್ರದ ಪುಸ್ತಿಕೆಗೆ ಹಳೆಯ ದಂತಕತೆಗಳು ಬೇಕಿದ್ದವು. ವಿರ್ಟಿನ್ ಅವನಿಗೆ ಕಾಫಿ ಕೊಟ್ಟು, ಎರಡು ಗಂಟೆ ನಿಂತುಕೊಂಡು ಎಲ್ಲವನ್ನೂ ಹೇಳಿದಳು. ನಾನು ಅಡುಗೆಮನೆಯಲ್ಲಿ ಆಕೆಯ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಅವನು ಹೋದ ಮೇಲೆ ತಡೆಯಲಾಗಲಿಲ್ಲ. "ಮನೆ ಕಿತ್ತುಕೊಂಡವರಿಗೆ ಕತೆಯನ್ನೂ ಕೊಟ್ಟಿರಲ್ಲ!"

"ಕೇಳಿದರು" ಎಂದಳು, ಅಷ್ಟೇ. ಸೋತಳು ಎಂದುಕೊಂಡೆ. ಮೂರು ದಿನದ ಮೇಲೆ ತಂಗಿಯ ಮಗಳು ವ್ಯಾನು ತಂದು ಕರೆದೊಯ್ದಳು. ಕಳಿಸಿಕೊಡಲು ಊರಿನವರು ಯಾರೂ ಬರಲಿಲ್ಲ. ನಾನು, ಸುಮಾ ಇದ್ದೆವು. ಪ್ರಸನ್ನ ಮಂಚ ಹೊತ್ತ.

ವಸಂತಕ್ಕೆ ಛತ್ರ ಹೊಸ ಬಣ್ಣ ಬಳಿದುಕೊಂಡು ಬಾಗಿಲು ತೆರೆಯಿತು. ನನಗೆ ಆಹ್ವಾನ ಬಂದಿತ್ತು. ವಿದೇಶಿ ಎಂಜಿನಿಯರುಗಳಿಗಾಗಿ ಪುಸ್ತಿಕೆಯ ಇಂಗ್ಲಿಷ್ ಪಾಠವನ್ನು ಒಮ್ಮೆ ನೋಡಿಕೊಡಬೇಕಂತೆ. ನೋಡಲು ಒಪ್ಪದಿದ್ದರೂ ಹೋದೆ. ಮೇಲಿನ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಹೊಡೆದಿದ್ದರು. 'ಪ್ರೇಮಕ್ಕಾಗಿ ಪ್ರಾಣತೆತ್ತ ವೀರ ಪೋಲಿಷ್ ಅಧಿಕಾರಿ ಕ್ಯಾಪ್ಟನ್ ಜ್ವೊಜೇಯ್ ಇಲ್ಲಿ ತಂಗಿದ್ದರು.' ಪುಸ್ತಿಕೆಯಲ್ಲಿ ಜ್ವೊಜೇಯ್, ಊಟದ ಪಟ್ಟಿಯಲ್ಲಿ ಜ್ವೊಜೇಯ್ ಸೂಪು, ಮುಂಬಾಗಿಲ ಮೇಲೆ ಕೊರೆದ ಅಕ್ಷರದಲ್ಲಿ ಜ್ವೊಜೇಯ್. ಆಕೆ ನಮಗೆ ಹೇಳಿದ ಕತೆಗಳಲ್ಲಿ ಆ ಅಧಿಕಾರಿಗೆ ಹೆಸರೇ ಇರಲಿಲ್ಲ.

ನನಗೆ ಬರುವ ಪೋಲಿಷ್ ಪದಗಳು ಇಪ್ಪತ್ತೋ ಮೂವತ್ತೋ. ಎಲ್ಲವೂ ಆಕೆಯ ಅಡುಗೆಮನೆಯಲ್ಲಿ ಕಲಿತವು. ಚೀಸು ಬಾಯಲ್ಲಿ ಕಚ್ಚಿಕೊಂಡು ಓಡುವ ಬೆಕ್ಕಿನ ಹಿಂದೆ ಸೌಟು ಹಿಡಿದು ಓಡುವಾಗ ಆಕೆ ಕೂಗುತ್ತಿದ್ದ ಪದ ಅದು. ಕಳ್ಳ.

ಶ್ಪಾರ್ಗೆಲ್ ಕೀಳಲು ಬಂದಿದ್ದ ನಾಲ್ವರು ಪೋಲಿಷರು ಆ ಫಲಕದ ಅಕ್ಕಪಕ್ಕ ನಿಂತು, ನಗು ತಡೆಯಲಾರದೆ, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮ್ಯಾನೇಜರು ಅವರನ್ನು ನೋಡಿ ಸಂತೋಷಪಟ್ಟ. "ತಮ್ಮ ವೀರನನ್ನು ಕಂಡು ಎಷ್ಟು ಖುಷಿ ನೋಡಿ" ಎಂದ. ಆಮೇಲೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ನೀವು ಆಕೆಯ ಜೊತೆ ಬಹಳ ಒಡನಾಡಿದವರು, ಪತ್ರಿಕೆಯವರು. ಇನ್ನೂ ಐದು ಸಾವಿರ ಪ್ರತಿ ಅಚ್ಚಿಗೆ ಹೋಗಬೇಕು. ಆ ಹೆಸರು ಸರಿಯಾಗಿದೆಯೇ? ತಪ್ಪಿದ್ದರೆ ಈಗಲೇ ಹೇಳಿ."

ಅರ್ಧ ನಿಮಿಷ ಸಾಕಿತ್ತು.

ನಾನು ಕನ್ನಡಕ ಹಾಕಿಕೊಂಡು ಫಲಕದ ಹತ್ತಿರ ಹೋಗಿ ಅಕ್ಷರ ಅಕ್ಷರವಾಗಿ ಓದಿದೆ.

"ಸರಿಯಾಗಿದೆ" ಎಂದೆ. "ಒಂದಕ್ಷರವೂ ಬದಲಾಯಿಸಬೇಡಿ."